ಹತ್ಯಾಕಾಂಡವೆಂದು ಯಾವುದನ್ನು ಕರೆಯತಕ್ಕದ್ದು?

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಹೊಳವನಹಳ್ಳಿ ಎಂಬ ಊರುಂಟು. ಒಂದು ಕಾಲಕ್ಕೆ ಪಾಳೆಯಗಾರರ ಠಾಣ್ಯವಾಗಿದ್ದು ಈಗ ಹೋಬಳಿಯ ಮುಖ್ಯಸ್ಥಳವಾಗಿರುವ ಈ ಊರು ಜಯಮಂಗಲಿಯ ಕಣಿವೆಗೆ ಸೇರಿದುದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಆ ಚಿಕ್ಕ ನದಿ ಬಡಗಣಕ್ಕೆ ಹರಿದು, ಮಧುಗಿರಿ ಸೀಮೆಯನ್ನು ಹಾದು, ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಅದೇ ಪಿನಾಕಿನಿಯ ಮೇಲುದಂಡೆಯಲ್ಲಿ, ಕೊರಟಗೆರೆ ತಾಲ್ಲೂಕಿನ ಮೂಡಣ ಗಡಿಯನ್ನು ದಾಟಿದರೆ ದೊರೆಯುವ ಗೌರಿಬಿದನೂರು ತಾಲ್ಲೂಕಿನಲ್ಲಿ, ವಿದುರಾಶ್ವತ್ಥ ಕ್ಷೇತ್ರವಿದೆ. ಈಗ ಉರುಳಿಹೋಗಿರುವ ಪುರಾತನ ಅಶ್ವತ್ಥವೃಕ್ಷಕ್ಕೂ ಸಾಲುಸಾಲಾಗಿ ನಿಲ್ಲಿಸಿದ ನಾಗರಕಲ್ಲುಗಳಿಗೂ ಹೆಸರಾದ ಆ ಸ್ಥಳದಲ್ಲಿ ಇನ್ನೊಂದು ಕಲ್ಲೂ ಉಂಟು. ಅದು ೧೯೩೮ನೆಯ ಇಸವಿ ಏಪ್ರಿಲ್ ೨೫ರಂದು ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕ. ಆ ದಿನದ ಘಟನೆಯನ್ನು ನಮ್ಮ ಜನ ‘ಕರ್ನಾಟಕದ ಜಲಿಯನ್‌ವಾಲಾ ಬಾಗ್’ ಎಂದೂ ‘ವಿದುರಾಶ್ವತ್ಥ ಹತ್ಯಾಕಾಂಡ’ವೆಂದೂ ಕರೆಯುತ್ತಾರೆ.

ಇದೇ ಸೀಮೆಯಲ್ಲಿ, ಇದಕ್ಕೆ ಅರುವತ್ತು ವರ್ಷಗಳ ಹಿಂದೆ, ಇದಕ್ಕಿಂತ ಸಾವಿರಾರು ಪಾಲು ಹೆಚ್ಚು ಜನ ಸತ್ತರು. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದಲ್ಲಿ ಉಲ್ಬಣಿಸಿದುದರಿಂದ ‘ಧಾತು ಈಶ್ವರ ಬರ’ವೆನಿಸಿಕೊಂಡ ೧೮೭೬–೭೮ರ ಕ್ಷಾಮವೇ ಅದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಂತಹ ಒಣಸೀಮೆಗಳನ್ನು ಅದು ವಿಶೇಷವಾಗಿ ಬಡಿಯಿತು. ಆ ಸತ್ತವರ ಹೆಸರುಗಳನ್ನು ಕೆತ್ತಿದ ಕಲ್ಲಿಲ್ಲ. ಆ ಸಾವನ್ನು ಯಾರೂ ಹತ್ಯಾಕಾಂಡವೆಂದು ಕರೆಯುವುದೂ ಇಲ್ಲ. ‘ಬರ’ ಎನ್ನುತ್ತಾರೆ, ಮಳೆ ಹೋಯಿತು ಎನ್ನುತ್ತಾರೆ. ಇತ್ತೀಚಿನ ಕೆಲವು ವಿದ್ವಾಂಸರಿಗೆ ಮಾತ್ರ ಈ ಮಾತು ಒಪ್ಪಿಗೆಯಾಗಿಲ್ಲ. ಅಮೆರಿಕದ ಮೈಕ್ ಡೇವಿಸ್ ೨೦೦೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಹೆಸರಿನಲ್ಲಿಯೇ, ನಾಜೀಗಳು ಮಾಡಿದ ಯೆಹೂದ್ಯ ಸಂಹಾರಕ್ಕೆ ರೂಢಿಯಾಗಿರುವ ಶಬ್ದವನ್ನು ಈ ಕ್ಷಾಮಗಳಿಗೆ ಅನ್ವಯಿಸಿದ್ದಾರೆ.

ಹಾಗಾದರೆ ಸಾಮೂಹಿಕ ಮರಣಗಳಲ್ಲಿ ಯಾವುದನ್ನು ಹತ್ಯಾಕಾಂಡವೆಂದು ಕರೆಯಬೇಕು, ಯಾವುದನ್ನು ಕರೆಯಬಾರದು? ಇದು ಬರಿಯ ಶಬ್ದಗಳ ಜಗಳವೆಂದು ಓದುಗರು ತಿಳಿಯಬಾರದು. ಸಸ್ಯಕ್ಕೆ ಹೆಸರಿಡುವ ವಿಜ್ಞಾನಿ ಅದರ ಎಲೆ, ಹೂವು, ಬೀಜಗಳನ್ನು ಪರೀಕ್ಷಿಸಿದ ಮೇಲೆ ಹೆಸರಿಡುತ್ತಾನೆ; ತಪ್ಪು ಹೆಸರಿಟ್ಟರೆ ಮುಂದಿನವರೆಲ್ಲ ದಾರಿ ತಪ್ಪುತ್ತಾರೆ. ಸಾವಿಗೆ ಹೆಸರಿಡುವಾಗ ಆಗುವ ತಪ್ಪು ಇನ್ನೂ ದೊಡ್ಡದು. ಅದರಿಂದ ಅಪರಾಧಿ ತಪ್ಪಿಸಿಕೊಳ್ಳಬಹುದು, ನಿರಪರಾಧಿಯ ಮೇಲೆ ಕಳಂಕ ಬರಬಹುದು, ಸತ್ತವನು ಮರೆತುಹೋಗಬಹುದು.

ಮೊದಲು ಶಬ್ದವನ್ನೇ ನೋಡೋಣ. ಕನ್ನಡದಲ್ಲಿ ಕಗ್ಗೊಲೆ, ನರಮೇಧ, ಮಾರಣಹೋಮ, ಹತ್ಯಾಕಾಂಡ ಎಂಬ ಮಾತುಗಳು ಒಂದರ ಜಾಗದಲ್ಲಿ ಒಂದು ಬಳಕೆಯಾಗುತ್ತಿವೆ. ಇವುಗಳಲ್ಲಿ ನರಮೇಧವೂ ಮಾರಣಹೋಮವೂ ಯಜ್ಞಶಾಲೆಯಿಂದ ಬಂದ ಮಾತುಗಳು. ಅವು ಭಯವನ್ನು ಹುಟ್ಟಿಸುವುವೇ ಹೊರತು ಏನು ನಡೆಯಿತೆಂಬುದನ್ನು ಹೇಳುವುದಿಲ್ಲ. ಅಧಿಕಾರಿಗಳ ಬರವಣಿಗೆಯಲ್ಲಿ ‘ಗೋಲಿಬಾರು’ ಎಂಬ ಇನ್ನೊಂದು ಮಾತುಂಟು. ಅದರಲ್ಲಿ ಗುಂಡು ಹಾರುತ್ತದೆ. ಹಾರಿಸಿದವನೂ ಕಾಣುವುದಿಲ್ಲ, ಬಿದ್ದವನೂ ಕಾಣುವುದಿಲ್ಲ. ಇಂಗ್ಲಿಷಿನವರು ಬಳಸುವ ‘ಮ್ಯಾಸಕರ್’ ಎಂಬುದು ಫ್ರೆಂಚರಿಂದ ಬಂದುದು; ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಕಟುಕನ ಕೆಲಸದ ಸಂಬಂಧವಿತ್ತು. ಈ ಹೋಲಿಕೆ ಅರ್ಥವತ್ತಾದುದು. ಕಸಾಯಿಖಾನೆಯಲ್ಲಿ ಯುದ್ಧ ನಡೆಯುವುದಿಲ್ಲ, ಕುರಿ ತಿರುಗಿ ಬೀಳುವುದಿಲ್ಲ, ಕಟುಕನಿಗೆ ಅಪಾಯವಿಲ್ಲ.

ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದಿಂದ ನಮಗೆ ಇಲ್ಲಿ ಹೆಚ್ಚಿನ ಸಹಾಯ ದೊರೆಯುವುದಿಲ್ಲ. ಒಂದು ಜನಾಂಗವನ್ನೋ ಮತದವರನ್ನೋ ನಿರ್ಮೂಲಮಾಡುವ ಉದ್ದೇಶದ ಕೃತ್ಯಕ್ಕೆ ರಾಫೆಲ್ ಲೆಮ್ಕಿನ್ ಎಂಬ ನ್ಯಾಯವಾದಿ ೧೯೪೪ರಲ್ಲಿ ಹೊಸ ಹೆಸರನ್ನು ಕಟ್ಟಿದನು. ೧೯೪೮ರ ಡಿಸೆಂಬರ್ ೯ರಂದು ವಿಶ್ವಸಂಸ್ಥೆ ಅದಕ್ಕೆ ಲಕ್ಷಣವನ್ನು ನಿಶ್ಚಯಿಸಿ ಒಡಂಬಡಿಕೆಯನ್ನು ಅಂಗೀಕರಿಸಿತು. ಅದನ್ನು ಕನ್ನಡದಲ್ಲಿ ಜನಾಂಗಹತ್ಯೆ ಎನ್ನಬಹುದು. ಆದರೆ ಹತ್ಯಾಕಾಂಡಕ್ಕೆ ಹೀಗೆ ಒಪ್ಪಿತವಾದ ಶಾಸನಲಕ್ಷಣ ಯಾವುದೂ ಇಲ್ಲ. ಅದರ ಲಕ್ಷಣವನ್ನು ಇತಿಹಾಸಕಾರರೇ ಹುಡುಕಿಕೊಳ್ಳಬೇಕಾಗಿದೆ.

ಎಲ್ಲರಿಗೂ ಮೊದಲು ತೋಚುವ ಅಳತೆಗೋಲು ಸಂಖ್ಯೆ. ಹೆಚ್ಚು ಜನ ಸತ್ತರೆ ಹತ್ಯಾಕಾಂಡ, ಕಡಮೆ ಸತ್ತರೆ ಕೊಲೆ ಎಂದರೆ ಸುಲಭವಾಯಿತಷ್ಟೆ. ಆದರೆ ಚರಿತ್ರೆ ಈ ಸುಲಭಕ್ಕೆ ಒಗ್ಗುವುದಿಲ್ಲ. ೧೭೭೦ರ ಮಾರ್ಚ್ ೫ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸಿಪಾಯಿಗಳು ಗುಂಡು ಹಾರಿಸಿದಾಗ ಸತ್ತವರು ಐವರು. ಕೆಲವೇ ವಾರಗಳಲ್ಲಿ ಅದರ ಚಿತ್ರ ಅಚ್ಚಾಗಿ ಹತ್ಯಾಕಾಂಡವೆಂಬ ಹೆಸರಿನಿಂದಲೇ ಊರೂರಿಗೆ ಹಬ್ಬಿತು. ಆ ಹೆಸರು ಇಂದಿಗೂ ನಿಂತಿದೆ. ೧೮೧೯ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ಮೈದಾನದಲ್ಲಿ ಸಭೆ ಸೇರಿದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದಾಗ ಸತ್ತವರು ಇಪ್ಪತ್ತರ ಒಳಗೆ. ನಾಲ್ಕು ವರ್ಷ ಹಿಂದಿನ ವಾಟರ್ಲೂ ಯುದ್ಧವನ್ನು ಅಣಕಿಸಿ ಜನ ಅದನ್ನು ‘ಪೀಟರ್ಲೂ’ ಎಂದರು. ವಾಟರ್ಲೂವಿನಲ್ಲಿ ಸಾವಿರಾರು ಮಂದಿ ಬಿದ್ದರೂ ಅದನ್ನು ಯಾರೂ ಹತ್ಯಾಕಾಂಡವೆನ್ನಲಿಲ್ಲ.

ಸಂಖ್ಯೆಯನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಆಸ್ಟ್ರೇಲಿಯದಲ್ಲಿ ವಲಸೆಗಾರರಿಂದ ಹತರಾದ ಮೂಲನಿವಾಸಿಗಳ ವಿಚಾರವಾಗಿ ಲಿಂಡಲ್ ರಯನ್ ಎಂಬ ಇತಿಹಾಸಕಾರ್ತಿಯೂ ಆಕೆಯ ಜೊತೆಗಾರರೂ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧಪಡಿಸಿ ೨೦೧೭ರಿಂದ ಪ್ರಕಟಿಸಿದ ನಕಾಶೆ ಇಲ್ಲಿ ಗಮನಾರ್ಹವಾದುದು. ರಕ್ಷಣೆಯಿಲ್ಲದ ಆರು ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿಯನ್ನು ಒಂದೇ ಕಾರ್ಯಾಚರಣೆಯಲ್ಲಿ ಬುದ್ಧಿಪೂರ್ವಕವಾಗಿ ಕೊಂದಿದ್ದರೆ ಅದನ್ನು ಅವರು ಹತ್ಯಾಕಾಂಡವೆಂದು ಎಣಿಸಿದರು. ಆರೇ ಏಕೆ? ಅಲ್ಲಿನ ಮೂಲನಿವಾಸಿಗಳು ಸುಮಾರು ಇಪ್ಪತ್ತು ಜನರ ಒಲೆಗೂಟಗಳಾಗಿ ಬಾಳುತ್ತಿದ್ದರು. ಇಪ್ಪತ್ತರಲ್ಲಿ ಆರು ಹೋದರೆ ಬೇಟೆಯಾಡುವವರಿಲ್ಲ, ಮಕ್ಕಳನ್ನು ಸಾಕುವವರಿಲ್ಲ. ಉಳಿದ ಕೂಟವೂ ಚದುರಿ ನಾಶವಾಗುತ್ತದೆ. ಆದುದರಿಂದ ಸಂಖ್ಯೆಯ ಬೆಲೆ ಅದು ಯಾವ ಮೊತ್ತದ ಭಾಗ ಎಂಬುದರ ಮೇಲೆ ನಿಂತಿದೆ. ನಗರದಲ್ಲಿ ಸತ್ತ ಆರು ಜನವೂ ಹಟ್ಟಿಯಲ್ಲಿ ಸತ್ತ ಆರು ಜನವೂ ದುಃಖದಲ್ಲಿ ಸಮಾನರಾದರೂ ಪರಿಣಾಮದಲ್ಲಿ ಸಮಾನರಲ್ಲ.

ಸಂಖ್ಯೆಗಿಂತ ಹೆಚ್ಚು ಉಪಯುಕ್ತವಾದ ಲಕ್ಷಣವನ್ನು ಬ್ರಿಟನ್ನಿನ ಇತಿಹಾಸಕಾರ ಮಾರ್ಕ್ ಲೆವೀನ್ ಮುಂದಿಟ್ಟಿದ್ದಾರೆ. ಅವರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಆ ಗಳಿಗೆಯಲ್ಲಾದರೂ ತಮ್ಮನ್ನು ತಾವು ಕಾಪಾಡಿಕೊಳ್ಳಲಾರದ ಒಂದು ಗುಂಪನ್ನು, ತಮಗೆ ಅಪಾಯವಿಲ್ಲದೆ ಕೊಲ್ಲುವ ಬಲವುಳ್ಳ ಇನ್ನೊಂದು ಗುಂಪು ಕೊಂದರೆ ಅದು ಹತ್ಯಾಕಾಂಡ. ಫ್ರಾನ್ಸಿನ ಜಾಕ್ ಸೆಮೆಲಾಂ ಇದಕ್ಕೆ ಇನ್ನೊಂದನ್ನು ಕೂಡಿಸುತ್ತಾರೆ: ಕೃತ್ಯದ ಗುರಿ ಯುದ್ಧದಲ್ಲಿ ತೊಡಗದವರ ನಾಶವಾಗಿರಬೇಕು. ಇವುಗಳಿಂದ ನಾವು ಮೂರು ಪ್ರಶ್ನೆಗಳನ್ನು ಹೊಂದಿಸಿಕೊಳ್ಳಬಹುದು. ಸತ್ತವರು ರಕ್ಷಣೆಯಿಲ್ಲದವರಾಗಿದ್ದರೆ? ಕೊಂದವರು ಕೊಲ್ಲುತ್ತಿದ್ದೇವೆಂದು ಅರಿತು, ನಿಲ್ಲಿಸಬಹುದಾಗಿದ್ದರೂ ನಿಲ್ಲಿಸದೆ ಕೊಂದರೆ? ಇವೆರಡನ್ನೂ ಹೇಳುವ ಸಾಕ್ಷ್ಯ ಒಂದೇ ಪಕ್ಷದ ಬಾಯಿಂದ ಬಂದುದೊ, ಅನೇಕ ಕಡೆಗಳಿಂದ ಬಂದು ಒಂದನ್ನೊಂದು ಪುಷ್ಟಿಗೊಳಿಸುತ್ತದೆಯೊ?

ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಈ ಮೂರಕ್ಕೂ ಉತ್ತರ ಸ್ಪಷ್ಟವಾಗಿದೆ. ೧೯೧೯ರ ಏಪ್ರಿಲ್ ೧೩ರಂದು ಗೋಡೆಗಳಿಂದ ಸುತ್ತುವರಿದ ಬಯಲಿನಲ್ಲಿ ಸೇರಿದ್ದ ಜನರ ಮೇಲೆ ಜನರಲ್ ಡಯರನ ಐವತ್ತು ಮಂದಿ ಬಂದೂಕುದಾರರು ಎಚ್ಚರಿಕೆ ಕೊಡದೆ ಸುಮಾರು ಹತ್ತು ನಿಮಿಷ ೧೬೫೦ ಗುಂಡುಗಳನ್ನು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ೩೭೯ ಮಂದಿ ಸತ್ತರು. ಕಾಂಗ್ರೆಸ್ಸಿನ ಅಂದಾಜು ಸಾವಿರದ ಆಸುಪಾಸು. ಗುಂಪನ್ನು ಚದುರಿಸುವುದಷ್ಟೇ ತನ್ನ ಉದ್ದೇಶವಾಗಿರಲಿಲ್ಲ, ಪಂಜಾಬಿನವರೆಲ್ಲರಿಗೂ ಬುದ್ಧಿ ಕಲಿಸಬೇಕಾಗಿತ್ತು ಎಂಬ ಅರ್ಥದ ಮಾತನ್ನು ಡಯರನೇ ಹಂಟರ್ ವಿಚಾರಣಾ ಸಮಿತಿಯ ಮುಂದೆ ಒಪ್ಪಿಕೊಂಡನು. ಉದ್ದೇಶವನ್ನು ನಾವು ಊಹಿಸಬೇಕಾಗಿಲ್ಲ, ಕರ್ತೃವೇ ಹೇಳಿದ್ದಾನೆ. ಹೀಗಾಗುವುದು ಚರಿತ್ರೆಯಲ್ಲಿ ಬಲು ಅಪರೂಪ.

ಇನ್ನು ವಿದುರಾಶ್ವತ್ಥಕ್ಕೆ ಬರೋಣ. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಕೂಡಿ, ಟಿ. ಸಿದ್ಧಲಿಂಗಯ್ಯನವರು ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನು ಹಾರಿಸಿದರು. ಆ ಉತ್ಸಾಹ ಆಗಿನ ಕೋಲಾರ ಜಿಲ್ಲೆಗೂ ಹಬ್ಬಿತು. ಅಲ್ಲಿಯೂ ನಿಷೇಧಾಜ್ಞೆ ಹೊರಟಿತು. ೨೫ರಂದು ವಿದುರಾಶ್ವತ್ಥದ ತೋಪಿನಲ್ಲಿ ಸುತ್ತಣ ಹಳ್ಳಿಗಳ ಜನ ಸಾವಿರಗಟ್ಟಲೆ ಕೂಡಿದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತೆರಡು ಮಂದಿ ಎಂಬುದು ಜನಜನಿತವಾದ ಲೆಕ್ಕ, ಮೂವತ್ತೈದೆಂದು ಹೇಳುವವರೂ ಉಂಟು. ಸರ್ಕಾರ ಒಪ್ಪಿದ ಸಂಖ್ಯೆ ಇದಕ್ಕಿಂತ ಬಹಳ ಕಡಮೆ. ಗುಂಪು ಕಲ್ಲೆಸೆಯಿತು, ಬೇರೆ ದಾರಿಯಿರಲಿಲ್ಲ ಎಂಬುದು ಪೊಲೀಸರ ಪಕ್ಷ. ಶಾಂತವಾಗಿದ್ದ ಜನರ ಮೇಲೆ ಅಕಾರಣವಾಗಿ ಗುಂಡು ಹಾರಿತು ಎಂಬುದು ಕಾಂಗ್ರೆಸ್ಸಿನ ಪಕ್ಷ. ಗಾಂಧೀಜಿಯವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಯಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲು ಅವಕಾಶವಾಯಿತು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೂ ನೇಮಕವಾಯಿತು.

ಸಂಖ್ಯೆಯಲ್ಲಿ ಎರಡು ಲೆಕ್ಕಗಳು ಏಕೆ ಬೇರೆಯಾಗುತ್ತವೆ? ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ಕೂಡಲೇ ತೀರ್ಮಾನಿಸುವುದು ಆತುರವಾದೀತು. ಸರ್ಕಾರ ಎಣಿಸುವುದು ತನ್ನ ಮುಂದೆ ಬಂದ ಹೆಣಗಳನ್ನು, ತನ್ನ ಆಸ್ಪತ್ರೆಗೆ ಬಂದ ಗಾಯಾಳುಗಳನ್ನು. ಗುಂಡು ತಗುಲಿದವನು ಆಸ್ಪತ್ರೆಗೆ ಹೋದರೆ ದಸ್ತಗಿರಿಯಾದೇನೆಂಬ ಭಯದಿಂದ ಊರಿಗೆ ಓಡುತ್ತಾನೆ. ಎಂಟು ದಿನದ ಮೇಲೆ ಗಾಯ ಕೊಳೆತು ಹಟ್ಟಿಯಲ್ಲಿ ಸತ್ತರೆ ಆ ಸಾವು ಸರ್ಕಾರಿ ಲೆಕ್ಕದಲ್ಲಿ ಸೇರುವುದಿಲ್ಲ. ಜನರ ಲೆಕ್ಕದಲ್ಲಿ ಇದಕ್ಕೆ ವಿರುದ್ಧವಾದ ದೋಷ ನುಸುಳುತ್ತದೆ. ಕಾಣೆಯಾದವನು ಸತ್ತವನಾಗಿಬಿಡುತ್ತಾನೆ, ಒಬ್ಬನನ್ನೇ ಎರಡು ಊರಿನವರು ತಮ್ಮವನೆಂದು ಎರಡು ಬಾರಿ ಎಣಿಸುತ್ತಾರೆ. ಈ ಎರಡು ದೋಷಗಳಿಗೂ ಮದ್ದು ಒಂದೇ, ಹೆಸರುಗಳ ಪಟ್ಟಿ. ಇಂಥವನು, ಇಂಥವನ ಮಗ, ಇಂಥ ಊರಿನವನು ಎಂದು ಬರೆದ ಪಟ್ಟಿಯನ್ನು ಊರಿಗೆ ಹೋಗಿ ಪರೀಕ್ಷಿಸಬಹುದು. ಬರಿಯ ಸಂಖ್ಯೆಯನ್ನು ಪರೀಕ್ಷಿಸುವ ಬಗೆಯಿಲ್ಲ. ಸ್ಮಾರಕದ ಮೇಲಿನ ಹೆಸರುಗಳಿಗೆ ಗೌರವವಲ್ಲದೆ ಶಾಸ್ತ್ರೀಯ ಬೆಲೆಯೂ ಉಂಟೆಂದು ನಾವು ಹೇಳುವುದು ಈ ಕಾರಣದಿಂದ.

ನಮ್ಮ ಪ್ರಶ್ನೆಗಳನ್ನು ಈಗ ಕೇಳೋಣ. ರಕ್ಷಣೆಯಿತ್ತೆ? ಕಲ್ಲುಗಳು ಹಾರಿದುವೆಂದೇ ಒಪ್ಪಿದರೂ ಕಲ್ಲಿಗೂ ಬಂದೂಕಿಗೂ ಸಮವಿಲ್ಲ. ಬಾಸ್ಟನ್ನಿನಲ್ಲಿಯೂ ಜನ ಹಿಮದ ಉಂಡೆಗಳನ್ನೂ ಕೋಲುಗಳನ್ನೂ ಎಸೆದಿದ್ದರು. ಹೆಸರು ಅದರಿಂದ ಅಳಿಯಲಿಲ್ಲ. ಆದುದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಜನರ ಪರವಾಗಿಯೇ ಇದೆ. ಎರಡನೆಯ ಪ್ರಶ್ನೆಯಲ್ಲಿ ಮಾತ್ರ ಅಮೃತಸರಕ್ಕೂ ವಿದುರಾಶ್ವತ್ಥಕ್ಕೂ ಅಂತರವುಂಟು. ಇಲ್ಲಿ ಡಯರನಂತೆ ಉದ್ದೇಶವನ್ನು ತಾನೇ ಸಾರಿದವನಿಲ್ಲ. ತಂಟೆ ಹೇಗೆ ಮೊದಲಾಯಿತೆಂಬ ವಿಷಯದಲ್ಲಿ ಸಾಕ್ಷ್ಯ ಎರಡಾಗಿ ಸೀಳಿದೆ. ಹೀಗಿದ್ದರೂ, ಚದುರಿಸುವುದಕ್ಕೆ ಹಾರಿಸಿದ ಒಂದೆರಡು ಗುಂಡಿಗೆ ಇಷ್ಟು ಹೆಣಗಳು ಬೀಳುವುದಿಲ್ಲ. ಜನ ಬೀಳುತ್ತಿರುವುದನ್ನು ಕಂಡ ಮೇಲೂ ಬಂದೂಕುಗಳು ನಿಲ್ಲಲಿಲ್ಲವೆಂಬುದಕ್ಕೆ ಸತ್ತವರ ಸಂಖ್ಯೆಯೇ ಸಾಕ್ಷಿ. ವಿದುರಾಶ್ವತ್ಥವನ್ನು ಹತ್ಯಾಕಾಂಡವೆಂದು ಕರೆಯುವುದು ಸರಿಯೆಂದು ನಮ್ಮ ಅಭಿಪ್ರಾಯ. ಜಲಿಯನ್‌ವಾಲಾ ಬಾಗಿನೊಡನೆ ಅದನ್ನು ಸಮಮಾಡುವುದು ಅಷ್ಟು ಸರಿಯಲ್ಲ. ಒಂದೇ ಜಾತಿಯ ಎರಡು ಗಿಡಗಳು ಎತ್ತರದಲ್ಲಿ ಬೇರೆಯಾಗಿರಬಹುದು.

ಇನ್ನೊಂದು ತಪ್ಪನ್ನು ಇಲ್ಲಿಯೇ ತಿದ್ದಬೇಕು. ಭಾಷಣಗಳಲ್ಲಿ ವಿದುರಾಶ್ವತ್ಥದ ಗುಂಡನ್ನು ‘ಬ್ರಿಟಿಷರ ಗುಂಡು’ ಎನ್ನುವುದು ವಾಡಿಕೆಯಾಗಿದೆ. ಮೈಸೂರು ಆಗ ಮಹಾರಾಜರ ಸಂಸ್ಥಾನ. ಹಾರಿಸಿದವರು ಸಂಸ್ಥಾನದ ಪೊಲೀಸರು, ಹೊಣೆ ಸಂಸ್ಥಾನದ ಸರ್ಕಾರದ್ದು; ಬಿದ್ದವರ ಮಾತೂ ಹೊಡೆದವರ ಮಾತೂ ಬಹುಮಟ್ಟಿಗೆ ಒಂದೇ. ಬ್ರಿಟಿಷರು ಮೇಲ್ಗಡೆ ಕುಳಿತಿದ್ದರೆಂಬುದು ನಿಜವಾದರೂ, ಕರ್ತೃವನ್ನು ದೂರಕ್ಕೆ ತಳ್ಳಿದರೆ ಹೆಸರಿನ ಅರ್ಧ ಅರ್ಥ ಹೋಗುತ್ತದೆ.

ಎಲ್ಲ ಘಟನೆಗಳೂ ಇಷ್ಟು ಒಂದೇ ತುಂಡಾಗಿರುವುದಿಲ್ಲ. ೧೮೫೭ರ ನವೆಂಬರಿನಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದಾಗ ಕಂಪೆನಿಯ ದಂಡು ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು. ಮುಂದಿನ ತಿಂಗಳು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಲಾವಣಿಕಾರರಿಗೆ ಇದು ಒಂದೇ ಕಥೆ. ಪರೀಕ್ಷಕನಿಗೆ ಮೂರು. ಆಯುಧ ಹಿಡಿದ ಬೇಡರೊಡನೆ ನಡೆದುದು ಕಾಳಗ, ಉರಿಯುವ ಮನೆಗಳಲ್ಲಿ ಸಿಕ್ಕಿಬಿದ್ದವರ ಸಾವು ಹತ್ಯಾಕಾಂಡ, ಗಲ್ಲು ದಂಡನೆಯ ಹೆಸರಿನಲ್ಲಿ ನಡೆದ ಸೇಡು. ಇವುಗಳನ್ನು ಬೆರೆಸಿ ಒಂದೇ ಹೆಸರಿಟ್ಟರೆ ಬೇಡರ ಶೌರ್ಯಕ್ಕೂ ನ್ಯಾಯ ದೊರೆಯುವುದಿಲ್ಲ, ಕಾದಿದವರನ್ನು ಕುರಿಗಳೆಂದಂತಾಗುತ್ತದೆ.

ಆಯುಧವಿದ್ದವರೆಲ್ಲ ರಕ್ಷಣೆಯುಳ್ಳವರೆಂಬುದೂ ನಿಶ್ಚಯವಲ್ಲ. ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ೨೦೦೫ರ ಫೆಬ್ರವರಿಯ ಒಂದು ರಾತ್ರಿ, ಶಾಲೆಯ ಕಟ್ಟಡದಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದೊಡ್ಡ ಗುಂಪಾಗಿ ಬಿದ್ದು ಹಲವರನ್ನು ಕೊಂದರು. ವೃತ್ತಿಯಿಂದ ಅವರು ಆಯುಧಧಾರಿಗಳು. ಆ ಗಳಿಗೆಯಲ್ಲಿ ರಾತ್ರಿಯ ಬಿಡಾರದಲ್ಲಿ ಸಿಕ್ಕಿಬಿದ್ದವರು. ಲೆವೀನರ ಲಕ್ಷಣದಲ್ಲಿ ‘ಆ ಗಳಿಗೆಯಲ್ಲಾದರೂ’ ಎಂಬ ಮಾತಿಗೆ ಇರುವ ತೂಕ ಇಲ್ಲಿ ಕಾಣುತ್ತದೆ. ಸೆಮೆಲಾಂ ಅವರ ಲಕ್ಷಣವನ್ನು ಹಿಡಿದರೆ ಅದೇ ಘಟನೆ ಹೊರಗೆ ಉಳಿಯುತ್ತದೆ. ನಾವು ಇದನ್ನು ದಾಳಿ ಎಂದೇ ಕರೆಯುವೆವು. ಅದರಲ್ಲಿ ಸಿಕ್ಕಿ ಸತ್ತ ನಾಗರಿಕನ ವಿಷಯದಲ್ಲಿ ಮಾತ್ರ ಬೇರೆ ಮಾತೇ ಬೇಡ, ಅದು ಕೊಲೆ.

ಮೂರನೆಯ ಪ್ರಶ್ನೆ, ಸಾಕ್ಷ್ಯದ ಪ್ರಶ್ನೆ, ಮೇಲುಕೋಟೆಯಲ್ಲಿ ಎದುರಾಗುತ್ತದೆ. ಟಿಪ್ಪುವಿನ ಕಾಲದಲ್ಲಿ ನರಕಚತುರ್ದಶಿಯಂದು ತಮ್ಮವರನ್ನು ನೂರುಗಟ್ಟಲೆ ಕೊಲ್ಲಲಾಯಿತೆಂದು ಮಂಡಯಂ ಅಯ್ಯಂಗಾರರ ಮನೆತನಗಳಲ್ಲಿ ಹೇಳಿಕೆಯುಂಟು. ಆ ದಿನವನ್ನು ಹಬ್ಬವಾಗಿ ಅವರು ಆಚರಿಸುವುದಿಲ್ಲ. ಆ ಕಾಲದ ಬರವಣಿಗೆಯಲ್ಲಿ ಇದಕ್ಕೆ ಆಧಾರ ಸಾಲದೆಂದು ಕೆಲವರು ಅಲ್ಲಗಳೆಯುತ್ತಾರೆ. ಹೇಳಿಕೆಯೇ ಸಾಕೆಂದು ಕೆಲವರು ಸಾಧಿಸುತ್ತಾರೆ. ನಮಗೆ ತೋರುವಂತೆ, ತಲೆತಲಾಂತರವಾಗಿ ಒಂದು ಹಬ್ಬವನ್ನೇ ಬಿಟ್ಟುಕೊಟ್ಟಿರುವುದು ಅಲಕ್ಷ್ಯಮಾಡತಕ್ಕ ಸಾಕ್ಷ್ಯವಲ್ಲ. ಆ ಮನೆತನಗಳಿಗೆ ದೊಡ್ಡದೊಂದು ಆಘಾತ ತಗುಲಿತೆಂದು ಅದು ಹೇಳುತ್ತದೆ. ಆದರೆ ಎಷ್ಟು ಮಂದಿ, ಯಾವ ವರ್ಷ, ಯಾವ ಆಜ್ಞೆಯಿಂದ ಎಂಬುದನ್ನು ಆಚರಣೆ ಹೇಳಲಾರದು. ಅದಕ್ಕೆ ಬೇರೆ ಆಧಾರ ಬೇಕು. ಆಸ್ಟ್ರೇಲಿಯದ ನಕಾಶೆಯಲ್ಲಿ ಪ್ರತಿಯೊಂದು ಘಟನೆಯ ಪಕ್ಕದಲ್ಲಿಯೂ ಸಾಕ್ಷ್ಯ ಎಷ್ಟು ಗಟ್ಟಿಯೆಂಬುದನ್ನು ನಕ್ಷತ್ರಗಳಿಂದ ಗುರುತಿಸಿದ್ದಾರೆ. ಹೌದು, ಅಲ್ಲ ಎಂಬ ಎರಡೇ ಉತ್ತರಗಳ ನಡುವೆ ಕಾದಾಡುವ ನಮ್ಮ ವಾದಿಗಳು ಈ ಪದ್ಧತಿಯನ್ನು ನೋಡಿ ಕಲಿಯಬಹುದು.

ಈಗ ಧಾತು ಈಶ್ವರ ಬರದ ಸರದಿ. ಸತ್ತವರೆಷ್ಟು? ಮೈಸೂರು ಸಂಸ್ಥಾನದ ಮೊದಲ ಜನಗಣತಿ ೧೮೭೧ರಲ್ಲಿ ನಡೆದಾಗ ಜನಸಂಖ್ಯೆ ೫೦,೫೫,೪೧೨. ಹತ್ತು ವರ್ಷದ ಮೇಲೆ, ೧೮೮೧ರಲ್ಲಿ, ೪೧,೮೬,೧೮೮. ಕಳೆದರೆ ೮,೬೯,೨೨೪, ನೂರಕ್ಕೆ ಹದಿನೇಳಕ್ಕಿಂತ ಹೆಚ್ಚು. ಆದರೆ ಈ ಅಂಕೆಯನ್ನೇ ಸತ್ತವರ ಸಂಖ್ಯೆಯೆಂದು ಬರೆದುಕೊಳ್ಳುವುದು ತಪ್ಪು. ಕ್ಷಾಮವಿಲ್ಲದಿದ್ದರೆ ಆ ಹತ್ತು ವರ್ಷಗಳಲ್ಲಿ ಜನ ಹೆಚ್ಚುತ್ತಿದ್ದರು. ಆ ಹೆಚ್ಚಳವೂ ನಷ್ಟವಾಯಿತು. ಇನ್ನೊಂದು ಕಡೆ, ಆ ನಷ್ಟದಲ್ಲಿ ಒಂದು ಪಾಲು ಸತ್ತವರದಲ್ಲ, ಹುಟ್ಟದವರದು. ಹಸಿದ ಶರೀರದಲ್ಲಿ ಗರ್ಭ ನಿಲ್ಲುವುದು ಕಡಮೆ. ಯಾವ ಕ್ಷಾಮದಲ್ಲಿಯೇ ಆಗಲಿ, ಹಸಿವು ತೀವ್ರವಾದ ಒಂಬತ್ತು ಹತ್ತು ತಿಂಗಳ ಮೇಲೆ ಜನನಗಳ ಲೆಕ್ಕ ಕುಸಿಯುವುದನ್ನು ಜನಸಂಖ್ಯಾಶಾಸ್ತ್ರಜ್ಞರು ಕಾಣುತ್ತಾರೆ. ಗಡಿ ದಾಟಿ ಹೋದವರೂ ಇದರಲ್ಲಿ ಸೇರಿದ್ದಾರೆ. ಸಾಮಾನ್ಯ ವರ್ಷಗಳಲ್ಲಿ ಆಗುತ್ತಿದ್ದ ಸಾವುಗಳನ್ನು ಕಳೆದು ಉಳಿಯುವುದನ್ನು ‘ಅಧಿಕ ಮರಣ’ ಎನ್ನುತ್ತಾರೆ. ಕ್ಷಾಮದ ಸಾವನ್ನು ಅಳೆಯುವುದು ಅದರಿಂದಲೇ. ಹೇಗೆ ಲೆಕ್ಕ ಹಾಕಿದರೂ ಮೈಸೂರಿನಲ್ಲಿ ಅದು ಲಕ್ಷಗಳಲ್ಲಿಯೇ ಬರುತ್ತದೆ. ಸತ್ತವರಲ್ಲಿ ಬಹಳ ಮಂದಿ ಹಸಿವಿನಿಂದ ನೇರವಾಗಿ ಸತ್ತವರಲ್ಲ. ಕಾಲರಾ, ಸಿಡುಬು, ಆಮಶಂಕೆ, ಜ್ವರಗಳು ಬಡಕಲಾದ ದೇಹಗಳನ್ನು ಮುಗಿಸಿದುವು.

ಮಳೆ ಹೋದುದು ಯಾರ ತಪ್ಪೂ ಅಲ್ಲ. ೧೮೭೬–೭೮ರಲ್ಲಿ ಶಾಂತಸಾಗರದ ಪೂರ್ವಭಾಗದ ನೀರು ಅಸಾಧಾರಣವಾಗಿ ಕಾಯ್ದು ಪ್ರಬಲವಾದ ಎಲ್ ನಿನೋ ಏರ್ಪಟ್ಟಿತು. ಭಾರತದಲ್ಲಿಯೂ ಚೀನದಲ್ಲಿಯೂ ಬ್ರೆಜಿಲಿನಲ್ಲಿಯೂ ಏಕಕಾಲದಲ್ಲಿ ಬರ ಬಿದ್ದಿತು. ಆದರೆ ಮಳೆ ಹೋಗುವುದು ಬೇರೆ, ಜನ ಸಾಯುವುದು ಬೇರೆ. ಧಾನ್ಯ ಇದ್ದೂ ಕೊಳ್ಳುವ ಶಕ್ತಿಯಿಲ್ಲದೆ ಜನ ಸಾಯುವರೆಂಬುದನ್ನು ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಆಗಿನ ವೈಸರಾಯ್ ಲಿಟ್ಟನ್ ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ತತ್ವವನ್ನು ಹಿಡಿದು ಕುಳಿತನು. ದಕ್ಷಿಣ ಸಾಯುತ್ತಿದ್ದಾಗಲೂ ದೇಶದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮದರಾಸು ಪ್ರಾಂತಕ್ಕೆ ಕ್ಷಾಮದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ೧೮೭೭ರಲ್ಲಿ, ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಕೂಲಿಯನ್ನು ಇಳಿಸಿದನು.

ಒಂದು ಪೌಂಡು ಎಂದರೆ ಸುಮಾರು ೪೫೦ ಗ್ರಾಂ. ನೂರು ಗ್ರಾಂ ಧಾನ್ಯದಿಂದ ಸುಮಾರು ೩೫೦ ಕ್ಯಾಲೊರಿ ಶಾಖ ದೊರೆಯುತ್ತದೆಯಾಗಿ ಒಟ್ಟು ಸುಮಾರು ೧೬೦೦ ಆಯಿತು. ಏನೂ ಮಾಡದೆ ಮಲಗಿದ್ದವನಿಗೂ ಹೆಚ್ಚುಕಡಮೆ ಅಷ್ಟು ಬೇಕು. ಕಲ್ಲೊಡೆದು ಮಣ್ಣು ಹೊರುವವನಿಗೆ ಅದರ ಎರಡರಷ್ಟು ಬೇಕು. ಕ್ಷಾಮದ ಬೆಲೆಯಲ್ಲಿ ಆ ಒಂದಾಣೆಗೆ ಉಪ್ಪು ಮೆಣಸಿನಕಾಯಿ ಸೌದೆಗಳಾದ ಮೇಲೆ ಮಿಕ್ಕುವುದೇನು? ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬ ವೈದ್ಯನು ಈ ಕೂಲಿಯಿಂದ ಜನ ಬದುಕಲಾರರೆಂದು ಆಗಲೇ ಬರವಣಿಗೆಯಲ್ಲಿ ಪ್ರತಿಭಟಿಸಿದನು. ಹಲವು ತಿಂಗಳ ಮೇಲೆ ಕೂಲಿಯನ್ನು ಸ್ವಲ್ಪ ಏರಿಸಿದರು. ಮೈಸೂರಿನಲ್ಲಿಯಾದರೋ ಬೆಂಗಳೂರಿನವರೆಗೆ ಮಾತ್ರ ರೈಲಿತ್ತು. ಅಲ್ಲಿಂದ ತುಮಕೂರಿನ ಕಡೆಯ ಹಳ್ಳಿಗಳಿಗೆ ಧಾನ್ಯ ಗಾಡಿಯಲ್ಲಿ ಹೋಗಬೇಕು. ಮೇವಿಲ್ಲದೆ ಎತ್ತುಗಳು ಸತ್ತಿದ್ದುವು.

ನಮ್ಮ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಲ್ಲಿ ಉತ್ತರ ಹೌದು. ಹಸಿದವನಿಗಿಂತ ರಕ್ಷಣೆಯಿಲ್ಲದವನು ಇನ್ನಾರು? ಮೂರನೆಯದಕ್ಕೂ ಹೌದು; ಆಜ್ಞೆಗಳು, ಪ್ರತಿಭಟನೆಗಳು, ಅಂಕಿಅಂಶಗಳು ಅಚ್ಚಾಗಿ ಉಳಿದಿವೆ. ವಿಲಿಯಂ ಡಿಗ್ಬಿ ೧೮೭೮ರಲ್ಲಿಯೇ ಎರಡು ಸಂಪುಟಗಳಲ್ಲಿ ಇದರ ಚರಿತ್ರೆಯನ್ನು ಬರೆದನು. ಆದರೆ ಎರಡನೆಯ ಪ್ರಶ್ನೆಗೆ ಬಂದಾಗ ದಾರಿ ಕವಲೊಡೆಯುತ್ತದೆ. ಕೊಲ್ಲಬೇಕೆಂಬ ಆಜ್ಞೆಯಿಲ್ಲ. ಸಾವು ಅವರ ಗುರಿಯಾಗಿರಲಿಲ್ಲ. ಖರ್ಚು ಕಡಮೆಯಾಗುವುದು ಗುರಿಯಾಗಿತ್ತು, ಸಾವು ಅದರ ಬೆಲೆಯಾಗಿತ್ತು, ಆ ಬೆಲೆಯನ್ನು ತೆರತಕ್ಕವರು ಬೇರೆಯವರಾಗಿದ್ದರು. ಅದೇ ಸರ್ಕಾರ ಗಂಜಿಕೇಂದ್ರಗಳನ್ನೂ ತೆರೆಯಿತು, ಲಕ್ಷಗಟ್ಟಲೆ ಜನರಿಗೆ ಉಣಲಿಕ್ಕಿತು ಎಂಬುದನ್ನೂ ಮರೆಮಾಚಲಾಗದು.

ಆದುದರಿಂದ ಧಾತು ಈಶ್ವರ ಬರವನ್ನು ಹತ್ಯಾಕಾಂಡವೆಂದು ಕರೆಯಬಾರದೆಂದು ನಮ್ಮ ಅಭಿಪ್ರಾಯ. ಇದನ್ನು ಓದಿ ಯಾರಾದರೂ ನಾವು ಲಿಟ್ಟನನನ್ನು ಬಿಡುಗಡೆ ಮಾಡಿದೆವೆಂದು ತಿಳಿದರೆ ನಮ್ಮ ಮಾತು ಸರಿಯಾಗಿ ಮುಟ್ಟಲಿಲ್ಲವೆಂದೇ ಅರ್ಥ. ನಡೆದುದು ಅದಕ್ಕೆ ವಿರುದ್ಧ. ಹತ್ಯಾಕಾಂಡವೆಂದು ಆರೋಪಿಸಿದರೆ ಪ್ರತಿವಾದಿ ಎದ್ದು, ಕೊಲ್ಲುವ ಆಜ್ಞೆಯನ್ನು ತೋರಿಸಿ ಎನ್ನುತ್ತಾನೆ. ತೋರಿಸಲಾಗದೆ ಮೊಕದ್ದಮೆಯೇ ಬಿದ್ದುಹೋಗುತ್ತದೆ. ಬರವೆಂದು ಸುಮ್ಮನಾದರೆ ಆರೋಪವೇ ಇಲ್ಲ, ಮೋಡದ ಮೇಲೆ ಮೊಕದ್ದಮೆ ಹೂಡುವವರಾರು? ತಪ್ಪಿಸಬಹುದಾಗಿದ್ದ ಸಾವು, ಎಚ್ಚರಿಕೆ ಬಂದ ಮೇಲೂ ತಪ್ಪಿಸದೆ ಬಿಟ್ಟ ಸಾವು ಎಂದರೆ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಕೂಲಿಯ ಆಜ್ಞೆ ಇದೆ, ಕಾರ್ನಿಷನ ಪತ್ರಗಳಿವೆ, ರಫ್ತಿನ ಲೆಕ್ಕವಿದೆ. ಇದಕ್ಕೆ ಒಂದೇ ಮಾತಿನ ಹೆಸರು ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ. ೧೭೯೧–೯೨ರ ಬರವನ್ನು ಉತ್ತರದ ನಮ್ಮ ಜನ, ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳನ್ನು ಕಂಡು ‘ಡೋಗಿ ಬರ’ ಎಂದರು. ಕಣ್ಣಾರೆ ಕಂಡವರು ಇಟ್ಟ ಆ ಹೆಸರಿನಲ್ಲಿ ಮಳೆಯ ಸುದ್ದಿಯಿಲ್ಲ, ಹೆಣಗಳ ಸುದ್ದಿಯಿದೆ.

ಯಾರ ಹೊಣೆ ಎಂಬ ವಿಷಯದಲ್ಲಿ ವಿದುರಾಶ್ವತ್ಥದಲ್ಲಿ ಕಂಡ ತಪ್ಪು ಇಲ್ಲಿ ತಲೆಕೆಳಗಾಗಿ ಕಾಣುತ್ತದೆ. ೧೯೩೮ರಲ್ಲಿ ಸಂಸ್ಥಾನದ ಪೊಲೀಸರು ಹಾರಿಸಿದ ಗುಂಡನ್ನು ಬ್ರಿಟಿಷರದೆನ್ನುವ ನಾವು, ೧೮೭೭ರ ಸಾವನ್ನು ದೈವದ ಮೇಲೆ ಹಾಕುತ್ತೇವೆ. ಆದರೆ ೧೮೩೧ರಿಂದ ಐವತ್ತು ವರ್ಷ ಮೈಸೂರನ್ನು ಆಳಿದವರು ಮಹಾರಾಜರಲ್ಲ, ಬ್ರಿಟಿಷ್ ಕಮೀಷನರುಗಳು. ಹೊಳವನಹಳ್ಳಿಯ ರೈತ ಹಸಿದು ಬೆಂಗಳೂರಿನ ದಾರಿ ಹಿಡಿದಾಗ ಅವನ ಹೊಣೆ ಹೊತ್ತಿದ್ದ ಸರ್ಕಾರ ನೇರವಾಗಿ ವೈಸರಾಯನಿಗೆ ಉತ್ತರ ಹೇಳತಕ್ಕದ್ದಾಗಿತ್ತು. ಆ ಸರ್ಕಾರವೇ ೧೮೮೧ರ ಫೆಬ್ರವರಿ ೧೭ರಂದು ಉಳಿದವರನ್ನು ಎಣಿಸಿತು. ಐದು ವಾರ ಕಳೆದು ಮಾರ್ಚ್ ೨೫ರಂದು, ಒಂಬತ್ತು ಲಕ್ಷಕ್ಕೆ ಸಮೀಪವಾಗಿ ಜನ ಕಡಮೆಯಾದ ಸಂಸ್ಥಾನವನ್ನು ಚಾಮರಾಜ ಒಡೆಯರಿಗೆ ಒಪ್ಪಿಸಿ ಹೊರಟಿತು.